ಮತ್ತೆ ಬರೆದ ಪರೀಕ್ಷೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರ್ ಇದ್ದಾರೆ, ಎಂಜಿನಿಯರ್ ಇದ್ದಾರೆ, ಸೈನ್ಯದಲ್ಲಿ ದುಡಿದು ಬಂದವರಿದ್ದಾರೆ. ನಾನು ಬಾದಾಮಿಯಲ್ಲಿ ಒಂದು ಔಷಧ ಅಂಗಡಿ ನಡೆಸುವವಳು. ಏನು ಮಾತಾಡಲಿ ಎಂದು ಎರಡು ದಿನ ಯೋಚಿಸಿದೆ. ಎಲ್ಲರೂ ಪಾಸಾದ ಕಥೆ ಹೇಳುತ್ತಾರೆ. ನಾನು ಫೇಲಾದ ಕಥೆ ಹೇಳುತ್ತೇನೆ. ಮುಂದೆ ಕುಳಿತಿರುವ ಹತ್ತನೇ ತರಗತಿಯ ಮಕ್ಕಳಿಗೆ ಅದು ಹೆಚ್ಚು ಉಪಯೋಗಕ್ಕೆ ಬಂದೀತು.

ನಾನು 2003ರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದೆ, ಪ್ರಥಮ ದರ್ಜೆಯಲ್ಲಿ. ಇಳಕಲ್ಲಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಓದಿದ್ದೆ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಆಮ್ಲ ಹೋಗಿ ಆಸಿಡ್ ಬಂತು, ದ್ರಾವಣ ಹೋಗಿ ಸೊಲ್ಯೂಶನ್ ಬಂತು. ಅರ್ಥವಾಗಲಿಲ್ಲ ಎಂದು ಕೇಳಲು ನಾಚಿಕೆ. ಬಾಯಿಪಾಠ ಮಾಡಿದೆ. 2005ರ ಮಾರ್ಚ್ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 24, ರಸಾಯನಶಾಸ್ತ್ರಕ್ಕೆ 29. ಪಾಸಾಗಲು 35 ಬೇಕಿತ್ತು.

ಫಾರ್ಮಸಿ ಓದುವ ಆಸೆ ನನಗೆ ಮೊದಲಿನಿಂದಲೂ ಇತ್ತು. ಡಿ.ಫಾರ್ಮಗೆ ಸೇರಬೇಕಾದರೆ ಪಿಯುಸಿ ವಿಜ್ಞಾನ ಪಾಸಾಗಿರಬೇಕು; ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಕಡ್ಡಾಯ, ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ. ಯಾವ ಎರಡು ಕಡ್ಡಾಯವೋ ಅವೆರಡರಲ್ಲೇ ನಾನು ಬಿದ್ದಿದ್ದೆ. ಮನೆಯಲ್ಲಿ ಗಂಡು ನೋಡುವ ಮಾತು ಸುರುವಾಯಿತು. "ಓದಿದ್ದು ಸಾಕು" ಎಂದರು ಅಪ್ಪ. ಅವ್ವ ಮಗ್ಗದ ಮುಂದೆ ಕೂತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು: "ಒಂದ್ ಎಳಿ ಹರದ್ರ ಯಾರರೆ ಸೀರೀನ ಬಿಸಾಡ್ತಾರೇನು? ಗಂಟ್ ಹಾಕಿ ಮುಂದ ನೇಯ್ತಾರ. ಒಂದ್ ವರ್ಷ ಕೊಡ್ರಿ ಅಕಿಗೆ."

ಆ ಒಂದು ವರ್ಷಕ್ಕಾಗಿ, ಫೀಸಿನ ಹಣಕ್ಕಾಗಿ, ಇಳಕಲ್ಲಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಬಂದ ಮಾಲು ಜೋಡಿಸುವುದು, ಅವಧಿ ಮುಗಿದ ಔಷಧ ಬೇರೆ ಮಾಡುವುದು, ಇಷ್ಟೇ ನನ್ನ ಕೆಲಸ. ಚೀಟಿ ನೋಡಿ ಔಷಧ ಕೊಡುವ ಅಧಿಕಾರ ನನಗಿರಲಿಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಆ ಕೆಲಸ ನೋಂದಾಯಿತ ಫಾರ್ಮಸಿಸ್ಟರದು.

ಒಂದು ಸಂಜೆ ಅಂಗಡಿಯ ಅಣ್ಣಾರು ಚಹಾಕ್ಕೆ ಹೋಗಿದ್ದಾಗ ಒಬ್ಬ ಹೆಣ್ಣುಮಗಳು ಜ್ವರ ಬಂದ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಬಂದಳು. ಚೀಟಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್, ಸಲಕ್ಕೆ 5 ಮಿ.ಲೀ. ಎಂದಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಅವಸರ ಮಾಡಿದಳು. ಕೈಗೆ ಸಿಕ್ಕ ಪ್ಯಾರಾಸಿಟಮಾಲ್ ಬಾಟಲಿ ಕೊಟ್ಟು, 5 ಮಿ.ಲೀ. ಕುಡಿಸಿ ಎಂದು ಹೇಳಿ ಕಳಿಸಿದೆ. ಅಣ್ಣಾರು ಬಂದು ಖಾಲಿಯಾದ ಜಾಗ ನೋಡಿದರು. "ತಂಗೀ, ಡ್ರಾಪ್ಸ್ ಕೊಟ್ಟು ಸಿರಪ್ಪಿನ ಲೆಕ್ಕ ಹೇಳೀಯಲ್ಲ!" ಎಂದವರೇ ಚಪ್ಪಲಿ ಸಹ ಹಾಕದೆ ಬಸ್‌ನಿಲ್ದಾಣಕ್ಕೆ ಓಡಿದರು. ಹುನಗುಂದದ ಬಸ್ಸು ಇನ್ನೂ ಬಿಟ್ಟಿರಲಿಲ್ಲ. ಬಾಟಲಿ ಬದಲಾಯಿಸಿ ಬಂದರು.

ನನಗೆ ಬೈಯಲಿಲ್ಲ. ಎರಡೂ ಬಾಟಲಿ ಮುಂದಿಟ್ಟು ಓದಲು ಹೇಳಿದರು. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಔಷಧ. ಹನಿ ಲೆಕ್ಕದಲ್ಲಿ ಎಳೆಕೂಸಿಗೆ ಕೊಡುವ ಡ್ರಾಪ್ಸಿನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಹಾಗಾದರೆ 5 ಮಿ.ಲೀ.ಗೆ ಎಷ್ಟು? 500. ನಾಲ್ಕು ಪಟ್ಟು. ಅದನ್ನೇ ಮತ್ತೆ ಮತ್ತೆ ಕುಡಿಸಿದ್ದರೆ ಆ ಕೂಸಿನ ಯಕೃತ್ತಿಗೆ ಏನಾಗುತ್ತಿತ್ತೋ! ಆ ರಾತ್ರಿ ನಾನು ಉಣ್ಣಲಿಲ್ಲ.

ಆ ಲೆಕ್ಕ ಯಾವುದು? ತ್ರೈರಾಶಿ. ಇದೇ ಶಾಲೆಯಲ್ಲಿ ನಾನು ಸರಿಯಾಗಿ ಬಿಡಿಸುತ್ತಿದ್ದ ಲೆಕ್ಕ. ಒಂದು ದ್ರಾವಣದಲ್ಲಿ ದ್ರಾವ್ಯ ಎಷ್ಟಿದೆ ಎಂಬುದನ್ನೂ ಇಲ್ಲೇ ಕಲಿತಿದ್ದೆ. ಕಲಿತದ್ದು ಕನ್ನಡದಲ್ಲಿ ಒಂದು ಕಡೆ, ಬಾಯಿಪಾಠ ಮಾಡಿದ್ದು ಇಂಗ್ಲಿಷಿನಲ್ಲಿ ಇನ್ನೊಂದು ಕಡೆ ಉಳಿದಿತ್ತು. ಎರಡೂ ಒಂದೇ ಎಂದು ನನಗೆ ಹೊಳೆದಿರಲಿಲ್ಲ. ಅಲ್ಲಿಯವರೆಗೆ ನನಗೆ ಬೇಕಾಗಿದ್ದು 35 ಅಂಕ ಮಾತ್ರ. ಅಂದಿನಿಂದ ತಿಳಿದುಕೊಳ್ಳಬೇಕು ಎನಿಸಿತು.

ಜುಲೈನ ಪೂರಕ ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ಹೇಗೋ ದಾಟಿತು, ಭೌತಶಾಸ್ತ್ರ ಮತ್ತೆ ಹೋಯಿತು. ಆಗ ಈ ಶಾಲೆಗೆ ತಿರುಗಿ ಬಂದೆ. ಬಾಗಿಲಲ್ಲಿ ನಿಂತು ಒಳಗೆ ಬರಲು ಧೈರ್ಯವಾಗಲಿಲ್ಲ. ನಮ್ಮ ವಿಜ್ಞಾನದ ಗುರುಗಳು ನೋಡಿ ಕರೆದರು. ಎಲ್ಲ ಕೇಳಿ, ಒಂದು ನೂರು ಪುಟದ ನೋಟ್‌ಬುಕ್ಕು ಕೊಟ್ಟು ನಡುವೆ ಗೆರೆ ಹೊಡೆಸಿದರು. ಎಡಗಡೆ ನಮ್ಮ ಎಂಟು, ಒಂಬತ್ತು, ಹತ್ತನೇ ತರಗತಿಯ ಕನ್ನಡ ಪದಗಳು: ಜಡತ್ವ, ವೇಗೋತ್ಕರ್ಷ, ಸಂವೇಗ. ಬಲಗಡೆ ಪಿಯುಸಿ ಪುಸ್ತಕದ ಇಂಗ್ಲಿಷ್ ಪದ, ಕೆಳಗೆ ಊರಿನದೇ ಒಂದು ಉದಾಹರಣೆ. ಬಸ್ಸು ತಟ್ಟನೆ ನಿಂತರೆ ಮುಂದಕ್ಕೆ ಬಾಗುತ್ತೇವಲ್ಲ, ಅದು ಜಡತ್ವ. ಪ್ರತಿ ಭಾನುವಾರ ಪ್ರಯೋಗಶಾಲೆ ತೆರೆದು ಕೊಟ್ಟರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. 2006ರ ಮಾರ್ಚ್‌ನಲ್ಲಿ ಭೌತಶಾಸ್ತ್ರಕ್ಕೆ 52 ಬಂತು.

ಮುಂದಿನದು ಹೆಚ್ಚು ಹೇಳುವಂಥದ್ದಲ್ಲ. ಎರಡು ವರ್ಷ ಡಿ.ಫಾರ್ಮ, 500 ಗಂಟೆಗಳ ಪ್ರಾಯೋಗಿಕ ತರಬೇತಿ, ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ. ಡಿ.ಫಾರ್ಮ ಆದವರು ಬಿ.ಫಾರ್ಮದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು; ನಾನೂ ಹಾಗೆ ಸೇರಿ ಮುಗಿಸಿದೆ. ಅಲ್ಲಿ 90 ಪ್ರತಿಶತದ ಮತ್ತು 60 ಪ್ರತಿಶತದ ಆಲ್ಕೋಹಾಲ್ ಬೆರೆಸಿ 70 ಪ್ರತಿಶತದ್ದು ಮಾಡುವ ಲೆಕ್ಕ ಬಂದಾಗ ಗೆಳತಿಯರು ತಲೆ ಕೆರೆದುಕೊಂಡರು. ಮೊದಲನೆಯದು ಒಂದು ಪಾಲು, ಎರಡನೆಯದು ಎರಡು ಪಾಲು ಎಂದು ನಾನು ಬೇಗ ಹೇಳಿದೆ. ಎರಡು ಸಲ ಓದಿದವಳಿಗೆ ಬುನಾದಿ ಗಟ್ಟಿಯಾಗಿತ್ತು.

ಈಗಲೂ ಬೇಸಿಗೆಯಲ್ಲಿ ಓಆರ್‌ಎಸ್ ಪುಡಿ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತೇನೆ: "ದೊಡ್ಡ ಪಾಕೀಟು ಪೂರಾ ಒಂದು ಲೀಟರ್ ನೀರಿಗೆ ಹಾಕ್ರಿ, ಒಂದು ಲೋಟಕ್ಕಲ್ಲ." ಹೆಚ್ಚು ಗಟ್ಟಿಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆ. ಇದೂ ಆ ದ್ರಾವಣದ ಪಾಠವೇ.

ಮಕ್ಕಳೇ, ಈಗ ದಾರಿ ಸ್ವಲ್ಪ ಸುಲಭವಾಗಿದೆ. 2024ರಲ್ಲಿ ದ್ವಿತೀಯ ಪಿಯುಸಿಗೆ ಪರೀಕ್ಷೆ 1, 2, 3 ಎಂದು ಬಂದಾಗ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತಾಯಿತು. ಬಿ.ಫಾರ್ಮಗೆ ನೇರವಾಗಿ ಹೋಗುವವರು ಸಿಇಟಿ ಬರೆಯಬೇಕು. ದೂರ ಹೋಗಬೇಕಿಲ್ಲ, ಬಾಗಲಕೋಟೆಯಲ್ಲೇ ಬಿ.ವಿ.ವಿ. ಸಂಘದ ಹಾನಗಲ್ ಶ್ರೀ ಕುಮಾರೇಶ್ವರ ಫಾರ್ಮಸಿ ಕಾಲೇಜು ಇದೆ. ಆದರೆ ಮತ್ತೆ ಬರೆಯುವ ಮೊದಲು ಯಾಕೆ ಬಿದ್ದೆ ಎಂದು ಕಂಡುಕೊಳ್ಳಿ. ಓದಿದ್ದನ್ನೇ ಅದೇ ರೀತಿ ಓದಿದರೆ ಪೂರಕ ಪರೀಕ್ಷೆಯಲ್ಲಿ ನನಗಾದದ್ದೇ ನಿಮಗೂ ಆಗುತ್ತದೆ.

ಪಾಲಕರಲ್ಲಿ ಒಂದು ವಿನಂತಿ. ಮಗಳು ಫೇಲಾದರೆ ಅವಳಿಗೂ ಒಂದು ವರ್ಷ ಕೊಡಿ. ಗುರುಗಳಲ್ಲಿ ಇನ್ನೊಂದು ವಿನಂತಿ. ಹತ್ತನೇ ತರಗತಿ ಮುಗಿಸಿ ಹೋಗುವ ಮಕ್ಕಳಿಗೆ ಆ ಎರಡು ಸಾಲಿನ ನೋಟ್‌ಬುಕ್ಕು ಇಲ್ಲಿಂದಲೇ ಮಾಡಿಸಿ ಕಳಿಸಿ. ನನ್ನ ನೋಟ್‌ಬುಕ್ಕು ಹಾಳೆ ಹಳದಿಯಾಗಿದ್ದರೂ ಇನ್ನೂ ಇದೆ. ಇಂದು ಅದನ್ನು ತಂದಿದ್ದೇನೆ. ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತೇನೆ. ಬೇಕಾದವರು ನೋಡಿ ಬರೆದುಕೊಳ್ಳಿ.