ಸೂರತ್ತಿನ ಕೋಠಿಯಲ್ಲಿ ಬೇಸಿಗೆ



ಬಿಸಿಲ ನಾಡಿಗೆ ಬಂದ ಇಂಗ್ಲಿಷರು ದಿನ ದೂಡಿದ್ದು ಹೇಗೆ ಎಂಬುದು ಇಂದಿನ ವಿಷಯ. ಅವರ ರಾಜಕೀಯ ಬೇಡ, ಅದನ್ನು ಶಾಲೆಯಲ್ಲೇ ಓದಿ ಮುಗಿಸಿದ್ದೇವೆ. ಏನು ತಿಂದರು, ಏನು ತೊಟ್ಟರು, ಸೆಕೆಗೆ ಏನು ಮಾಡಿಕೊಂಡರು, ಅಷ್ಟೇ. ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿ ಕೂತು ಆಡಲು ತಕ್ಕ ಮಾತೇ ಇದು. ಈ ಬಡಾವಣೆಯ ಹೆಸರೇ ಬಾಹ್ಯಾಕಾಶ ಕೆಲಸದಿಂದ ಬಂದದ್ದು. ಇಲ್ಲಿಯ ಕನ್ನಡಿಗರಾದ ನಮ್ಮಲ್ಲೂ ಕೆಲವರು ಆ ನೌಕರಿಗೆಂದೇ ಊರು ಬಿಟ್ಟವರು. ಅದಮಾರಿನ ವಿಜ್ಞಾನಿ ಯು. ಆರ್. ರಾವ್ ಕೂಡ ಬೆಂಗಳೂರಿನಲ್ಲಿ ಆರ್ಯಭಟ ಉಪಗ್ರಹ ಕಟ್ಟುವ ಮೊದಲು ಈ ಊರಿನ ಭೌತವಿಜ್ಞಾನ ಸಂಶೋಧನಾಲಯ ಪಿಆರ್‌ಎಲ್‌ನಲ್ಲಿದ್ದರು. ಇಲ್ಲಿಯ ಮೇ ತಿಂಗಳು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮನೆ, ಸೂರತ್ತಿನಲ್ಲಿ ನೆಲೆಯೂರಿದ್ದು 1613ರಲ್ಲಿ. ಅವರಿಗೆ ಬೇಕಾಗಿದ್ದು ಬಟ್ಟೆ ಮತ್ತು ನೀಲಿ ಬಣ್ಣ. ಒಳ್ಳೆಯ ನೀಲಿ ಸಿಗುತ್ತಿದ್ದದ್ದು ನಮ್ಮ ಪಕ್ಕದ ಸರ್ಖೇಜ್‌ನಲ್ಲಿ. ಅಲ್ಲಿಯ ಗೋರಿಯ ಕಟ್ಟಡ ರೋಜಾ ನೋಡಲು ಹೋಗುವ ನಾವು ಆ ಹಳ್ಳಿಯ ನೀಲಿ ಲಂಡನ್ನಿನವರೆಗೂ ಹೋಗುತ್ತಿತ್ತೆಂದು ನೆನೆಯುವುದಿಲ್ಲ. ಬಣ್ಣಕ್ಕೆ ಮರಳು ಬೆರೆಸುತ್ತಾರೆಂಬ ದೂರೂ ಇತ್ತೆನ್ನಿ. ಇಂಗ್ಲಿಷ್ ದೂತ ಥಾಮಸ್ ರೋ ಜಹಾಂಗೀರನ ದರ್ಬಾರನ್ನು ಹಿಂಬಾಲಿಸಿ ಅಹಮದಾಬಾದಿಗೂ ಬಂದ. 1618ರಲ್ಲಿ ಊರಿಗೆಲ್ಲ ಜ್ವರ ಬಂದು ಬಾದಶಹನೂ ಮಲಗಿದ. ಈ ಊರನ್ನು ಗರ್ದಾಬಾದ್, ಅಂದರೆ ಧೂಳಿನೂರು, ಎಂದು ಅವನು ತನ್ನ ದಿನಚರಿಯಲ್ಲೇ ಬೈದಿಟ್ಟಿದ್ದಾನೆ. ಹಿಂದೂಸ್ತಾನದ ದೊರೆಗೇ ಒಗ್ಗದ ಹವೆ ಹಡಗಿನಿಂದ ಇಳಿದ ಹುಡುಗರನ್ನು ಬಿಟ್ಟೀತೇ?

ಹುಡುಗರು ಎಂದೆ, ಹೌದು. ಕೋಠಿಯ ಕೆಳದರ್ಜೆಯ ಗುಮಾಸ್ತನಿಗೆ ವರ್ಷಕ್ಕೆ 10 ಪೌಂಡ್ ಸಂಬಳ. ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ. 1689ರಲ್ಲಿ ಸೂರತ್ತಿಗೆ ಬಂದ ಜಾನ್ ಓವಿಂಗ್ಟನ್ ಎಂಬ ಪಾದ್ರಿ ಆ ಅಡುಗೆಮನೆಯ ಬಗ್ಗೆ ಬರೆದಿದ್ದಾನೆ. ಅಲ್ಲಿ ಮೂರು ಬಗೆಯ ಅಡುಗೆಯವರು: ಇಂಗ್ಲಿಷ್, ಪೋರ್ಚುಗೀಸ್, ನಮ್ಮವರು. ಕಬಾಬು, ಪಲಾವು, ಜೊತೆಗೆ ಮಾವಿನ ಉಪ್ಪಿನಕಾಯಿ. ಇಲ್ಲಿಯ ವಾಣಿಯಾ ವರ್ತಕರು ಚಹಾದ ನೀರಿಗೆ ಮಸಾಲೆ ಹಾಕಿ ಕುದಿಸಿ ಕುಡಿದರೆ ತಲೆನೋವು, ಹೊಟ್ಟೆನುಲಿತಗಳಿಗೆ ಒಳ್ಳೆಯದೆನ್ನುತ್ತಾರೆ ಎಂದೂ ಅವನು ಬರೆದಿಟ್ಟ. ಕಲ್ಲುಸಕ್ಕರೆ, ಕೆಡದಂತೆ ಹಾಕಿಟ್ಟ ನಿಂಬೆಯ ಮಾತೂ ಇದೆ, ಹಾಲಿನ ಸುದ್ದಿಯಿಲ್ಲ. ನಮ್ಮ ಸೊಸೈಟಿ ಗೇಟಿನ ಕಿಟ್ಲಿ ಎಂಬ ಚಹಾ ಅಂಗಡಿಯವನ ಮಸಾಲಾ ಚಹಾಕ್ಕೆ ಇವೆಲ್ಲ ಹಿರೀಕರು.

ನನಗೆ ಈ ಮೊದಲ ತಲೆಮಾರಿನ ಮೇಲೆ ಸ್ವಲ್ಪ ಮಮತೆ. ಅವರಿಗೆ ಅಧಿಕಾರವಿರಲಿಲ್ಲ, ಆದ್ದರಿಂದ ಕಲಿಯುವ ದರ್ದಿತ್ತು. ಕಲಿಯದೆ ಉಳಿದದ್ದು ಕುಡಿತದಲ್ಲಿ. ಸುಡುಬಿಸಿಲಲ್ಲಿ ಅರಾಕಿನ ಪಂಚ್ ಹೊಡೆದರೆ ಏನಾಗಬೇಕೋ ಅದೇ ಆಯಿತು. (ಇಂದಿನ ಗುಜರಾತಿಗೆ ಬಂದರೆ ಪರ್ಮಿಟ್ ಇಲ್ಲದೆ ಅವರಿಗೆ ತೊಟ್ಟೂ ಸಿಕ್ಕದು, ಒಂದಷ್ಟು ಜನ ಬದುಕಿಕೊಂಡಾರು!) ಹೊಸಬನೊಬ್ಬ ಎರಡು ಮಳೆಗಾಲ ಕಂಡರೆ ಅದೇ ಅವನ ಆಯಸ್ಸು ಎಂಬ ಮಾತು ಆಗಿನ ಮುಂಬಯಿಯಲ್ಲಿತ್ತು. ಸೂರತ್ತಿನ ಇಂಗ್ಲಿಷ್ ಸ್ಮಶಾನಕ್ಕೆ ಒಮ್ಮೆ ಹೋಗಿ ಬನ್ನಿ. 1659ರಲ್ಲಿ ಸತ್ತ ಕ್ರಿಸ್ಟೋಫರ್ ಆಕ್ಸೆಂಡನ್, ಹತ್ತು ವರ್ಷದ ನಂತರ ಸತ್ತ ಅಣ್ಣ ಸರ್ ಜಾರ್ಜ್, ಇಬ್ಬರಿಗೂ ಸೇರಿ ಗುಮ್ಮಟದ ಭಾರೀ ಗೋರಿ. ಕಂಬ, ಕಮಾನುಗಳೆಲ್ಲ ಮುಸಲ್ಮಾನರ ಮಕ್ಬರಾದ ಧಾಟಿ. ಡಚ್ಚರು ಇದನ್ನೂ ಮೀರಿಸಬೇಕೆಂದು ತಮ್ಮ ವಾನ್ ರೀಡನಿಗೆ ಇನ್ನೂ ದೊಡ್ಡದು ಕಟ್ಟಿದರು. ಮಲಬಾರಿನ ಗಿಡಮೂಲಿಕೆಗಳ ಮೇಲೆ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದನಲ್ಲ, ಅವನೇ.

ಅಧಿಕಾರ ಬಂದ ಮೇಲೆ ವರಸೆ ಬದಲಾಯಿತು. ನಮ್ಮ ಕಡೆಯದೇ ನೋಡಿ: ಟಿಪ್ಪುವಿನ ನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಸೈನ್ಯ ಚಳಿಜ್ವರಕ್ಕೆ ಸೋತು 1809ರಲ್ಲಿ ಬೆಂಗಳೂರಿಗೆ ಬಂತು, ದಂಡು ಹುಟ್ಟಿತು. ಹವೆ ಒಗ್ಗದಿದ್ದರೆ ಊರನ್ನೇ ಬದಲಿಸುವುದು. ಬಿಸಿಲಿಗೆ ಬೆಂಡಿನ ಟೋಪಿ, ಕಾಲರಾಕ್ಕೆ ಹೊಟ್ಟೆಗೆ ಉಣ್ಣೆಯ ಪಟ್ಟಿ! ಕಾಲರಾ ನೀರಿನಿಂದ ಬರುತ್ತದೆಂದು ಲಂಡನ್ನಿನಲ್ಲೇ ಜಾನ್ ಸ್ನೋ 1854ರಲ್ಲಿ ತೋರಿಸಿದ್ದ. ಆಮೇಲೂ ಪಟ್ಟಿ ಸೊಂಟ ಬಿಡಲಿಲ್ಲ.

ನಿಜವಾಗಿ ತಂಪು ಕೊಟ್ಟದ್ದು ನಮ್ಮ ನೆಲದ ಉಪಾಯವೇ. ಗಾಳಿ ಬರುವ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಎರಚಿದರೆ, ಒಣಗಾಳಿ ಅದರ ಮೂಲಕ ನುಸುಳಿ ನೀರನ್ನು ಆರಿಸುತ್ತ ತಣ್ಣಗಾಗಿ ಒಳಬರುತ್ತದೆ. ಗುಜರಾತಿನ ಬೇಸಿಗೆಗೆ ಹೇಳಿ ಮಾಡಿಸಿದ ಯುಕ್ತಿ. ಮಂಗಳೂರಿನ ತೇವದ ಸೆಕೆಗೆ ಇದರಿಂದ ಉಪಯೋಗವಿಲ್ಲ. ಇಂದಿನ ಡೆಸರ್ಟ್ ಕೂಲರ್ ಕೂಡ ಇದೇ. ಆದರೆ ತಟ್ಟಿಗೆ ನೀರು ಎರಚಲು ಒಬ್ಬ ಹೊರಗೆ ಬಿಸಿಲಲ್ಲಿ ನಿಲ್ಲಬೇಕು, ಪಂಖಾದ ಹಗ್ಗ ಎಳೆಯಲು ಇನ್ನೊಬ್ಬ ರಾತ್ರಿಯೆಲ್ಲ ಕೂರಬೇಕು. ಸಾಹೇಬನ ತಂಪಿಗೆ ಬೆವರಿದವರ ಹೆಸರು ಯಾವ ಗೋರಿಯ ಮೇಲೂ ಇಲ್ಲ.

ಬೇರೆಯವರ ಬೆವರಿನ ಈ ಲೆಕ್ಕ ನಮಗೂ ಅನ್ವಯಿಸುತ್ತದೆ. 2010ರ ಮೇನಲ್ಲಿ ಈ ಊರಿನ ತಾಪ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ಎಂದಿಗಿಂತ 1,344 ಸಾವು ಹೆಚ್ಚು ಎಂದು ಆಮೇಲಿನ ಅಧ್ಯಯನ ಹೇಳಿತು. ಅದರಿಂದಲೇ 2013ರಲ್ಲಿ ಮಹಾನಗರಪಾಲಿಕೆಯ ಹೀಟ್ ಆ್ಯಕ್ಷನ್ ಪ್ಲಾನ್ ಬಂತು. 45 ಮುಟ್ಟಿದರೆ ರೆಡ್ ಅಲರ್ಟ್. ಬೆಂಗಳೂರಿನಿಂದ ಹೊಸದಾಗಿ ಬಂದವರಲ್ಲಿ ಒಂದು ವಿನಂತಿ. ಅಂಥ ದಿನ ಮನೆಗೆಲಸದ ಬೆನ್, ಅಂದರೆ ಅಕ್ಕ, ಬೆಳಗ್ಗೆಯೇ ಬಂದು ಹೋಗಲಿ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕರೆಸಬೇಡಿ. ಚೌಕಿದಾರನ ಕುರ್ಚಿಯನ್ನು ನೆರಳಿಗೆ ಹಾಕಿಸಿ. ಗೇಟಿನ ಬಳಿ ಒಂದು ಮಡಕೆ ನೀರು ಇಡಿಸಿ, ಸಾಧ್ಯವಾದರೆ ಮಜ್ಜಿಗೆಯನ್ನೂ ಕೊಡಿ.