ಎತ್ತಿದ ಭಾರದ ಕಿರ್ದಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಈ ಶಾಲೆ ನನಗೆ ಕೊಟ್ಟದ್ದು’ ಎಂಬ ವಿಷಯದ ಮೇಲೆ ಮಾತಾಡಬೇಕು ಎಂದು ಸಂಘಟಕರು ಹೇಳಿದ್ದಾರೆ. ನನಗಿಂತ ಮೊದಲು ಮಾತಾಡಿದವರು ಗಣಿತ, ಇಂಗ್ಲಿಷು, ಶಿಸ್ತು ಎಲ್ಲವನ್ನೂ ನೆನೆದರು. ನಾನು, ಶಾಲೆ ಕೊಡಲು ಬಂದರೂ ಬೇಡವೆಂದು ಬಿಟ್ಟುಹೋದ ಒಂದು ವಸ್ತುವಿನ ಬಗ್ಗೆ ಹೇಳುತ್ತೇನೆ. ಅದು ಪಿ.ಟಿ. ಪೀರಿಯಡ್ಡು.

1990ರ ಎಸ್‌ಎಸ್‌ಎಲ್‌ಸಿ ಬ್ಯಾಚಿನವನು ನಾನು. ಪಿ.ಟಿ. ಗಂಟೆ ಹೊಡೆದರೆ ಹೊಟ್ಟೆನೋವು ಎಂದು ಹೇಳಿ ಬೇವಿನ ಮರದ ಕೆಳಗೆ ಕುಳಿತು ಲೆಕ್ಕ ಮಾಡುತ್ತಿದ್ದೆ. ದೈಹಿಕ ಶಿಕ್ಷಕರಾಗಿದ್ದ ನಮ್ಮ ಗುರುಗಳು ಇಂದು ಮುಂದಿನ ಸಾಲಿನಲ್ಲಿಯೇ ಇದ್ದಾರೆ. ಗುರುಗಳೆ, ಮೂವತ್ತೈದು ವರ್ಷ ತಡವಾಗಿ ಹೇಳುತ್ತಿದ್ದೇನೆ, ಆ ಹೊಟ್ಟೆನೋವು ಸುಳ್ಳು.

ನನ್ನ ತಂದೆ ರಾಣೆಬೆನ್ನೂರು ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು. ಹತ್ತಿ, ಜೋಳ, ಆಮೇಲೆ ಗೋವಿನಜೋಳ. ಕ್ವಿಂಟಲ್ ತೂಕದ ಚೀಲಗಳು ಅವರ ಬೆನ್ನಿನ ಮೇಲೆ ಹೋಗಿವೆ. “ನನ್ನ ಮಗ ಚೀಲ ಹೊರಬಾರದು, ಚೀಲದ ಲೆಕ್ಕ ಬರೀಬೇಕು” ಎನ್ನುತ್ತಿದ್ದರು. ಅವರ ಆಸೆಯಂತೆ ಅದೇ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾದೆ. ಇಪ್ಪತ್ತೈದು ವರ್ಷ ಕಿರ್ದಿ ಖಾತೆ ಬರೆದೆ. ಮೈಗೆ ಕೆಲಸ ಕೊಡಲೇ ಇಲ್ಲ.

2018ರ ದಸರೆಗೆ ಕಾರ್ಣಿಕ ಕೇಳಲು ದೇವರಗುಡ್ಡಕ್ಕೆ ಹೋದಾಗ ಗುಡ್ಡ ಏರಲು ಆಗಲಿಲ್ಲ. ಅರ್ಧಕ್ಕೇ ಕುಳಿತು ಕೆಮ್ಮಿದೆ. ಮಾರುಕಟ್ಟೆಯ ಧೂಳು ಎಂದುಕೊಂಡೆ. ಸಂಜೆಗೆ ಸಣ್ಣ ಜ್ವರ, ರಾತ್ರಿ ಬೆವರು. ಎರಡು ತಿಂಗಳು ಔಷಧಿ ಅಂಗಡಿಯ ಕೆಮ್ಮಿನ ಸಿರಪ್ ಕುಡಿದೆ. ಕಫದಲ್ಲಿ ರಕ್ತ ಕಂಡ ದಿನ ಹೆದರಿ ಸರ್ಕಾರಿ ಆಸ್ಪತ್ರೆಗೆ ಹೋದೆ. ಕಫ ಪರೀಕ್ಷೆ, ಎಕ್ಸ್‌ರೇ ಆಯಿತು. ಕ್ಷಯ. 62 ಕಿಲೊ ಇದ್ದವನು 43ಕ್ಕೆ ಇಳಿದಿದ್ದೆ.

ಊರಲ್ಲಿ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ನನ್ನ ತಾಟು ಲೋಟ ಬೇರೆ ಇಟ್ಟುಕೊಂಡೆ. ರೋಗ ಹರಡುವುದು ಕೆಮ್ಮಿದಾಗ ಗಾಳಿಯಿಂದ, ತಾಟು ಲೋಟದಿಂದಲ್ಲ ಎಂದು ಆಮೇಲೆ ತಿಳಿಯಿತು. ಆಗ ನನ್ನ ಮಗಳು ಇದೇ ಶಾಲೆಯಲ್ಲಿ ಎಂಟನೆಯ ತರಗತಿ. ಅವಳನ್ನೂ, ಹೆಂಡತಿಯನ್ನೂ, ತಂದೆಯನ್ನೂ ಪರೀಕ್ಷೆಗೆ ಕರೆದುಕೊಂಡು ಹೋದ ದಿನ ನಾನು ಅನುಭವಿಸಿದ ಸಂಕಟ ಯಾವ ವೈರಿಗೂ ಬೇಡ. ನಾನು ಸಿರಪ್ ಕುಡಿಯುತ್ತ ಕಳೆದ ಆ ಎರಡು ತಿಂಗಳೂ ಅವಳು ನನ್ನ ಪಕ್ಕದಲ್ಲೇ ಕುಳಿತು ಓದುತ್ತಿದ್ದಳು. ಯಾರಿಗೂ ಏನೂ ಇರಲಿಲ್ಲ. ಅದು ನನ್ನ ಪುಣ್ಯ. ನನ್ನ ಜಾಣತನ ಖಂಡಿತ ಅಲ್ಲ.

ಆರು ತಿಂಗಳು ಗುಳಿಗೆ ನುಂಗಿದೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಎಲ್ಲ ಪುಕ್ಕಟೆ. 2018ರ ಏಪ್ರಿಲ್‌ನಿಂದ ಸರ್ಕಾರ ಕ್ಷಯ ರೋಗಿಗಳ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಎರಡು ತಿಂಗಳಿಗೇ ಕೆಮ್ಮು ನಿಂತು, ಇನ್ನು ಗುಳಿಗೆ ಸಾಕು ಅನ್ನಿಸಿತು. ಆಶಾ ಕಾರ್ಯಕರ್ತೆ ತಂಗಿ ಮನೆ ಬಾಗಿಲಿಗೆ ಬಂದು, “ಅಣ್ಣಾರ, ನಡುವ ಬಿಟ್ರ ರೋಗ ಹಟಕ್ಕ ಬೀಳತೈತ್ರಿ, ಆಮ್ಯಾಲೆ ಈ ಗುಳಿಗಿಗೆ ಬಗ್ಗೂದಿಲ್ಲ” ಎಂದು ಬೈದಳು. ಬಿಡಲಿಲ್ಲ. 2019ರ ಜೂನ್‌ನಲ್ಲಿ ರೋಗ ವಾಸಿಯಾಗಿದೆ ಎಂದು ವೈದ್ಯರು ಹೇಳಿದರು.

ನನ್ನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ರೋಗ ಹೋಗಿತ್ತು, ಮೈ ಬಂದಿರಲಿಲ್ಲ. ಒಂದು ಕೊಡ ನೀರು ಎತ್ತಲು ಹೋಗಿ ಚೆಲ್ಲಿದೆ. ಅಂಗಡಿಯ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಒಂದು ಮುಂಜಾನೆ ತಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಎಬ್ಬಿಸಲು ಹೋದೆ. ಆಗಲಿಲ್ಲ. ಜೀವಮಾನವಿಡೀ ಚೀಲ ಎತ್ತಿದ ಮನುಷ್ಯ ನೆಲದ ಮೇಲೆ ಕುಳಿತು ನನ್ನ ಮುಖ ನೋಡುತ್ತಿದ್ದರು; ನಾನು ಓಣಿಗೆ ಹೋಗಿ ಪಕ್ಕದ ಮನೆಯವರನ್ನು ಕೂಗಿದೆ.

ಅದೇ ವಾರ ನಮ್ಮ ಊರಿನ ಗರಡಿಮನೆಯ ವಸ್ತಾದ ಅಜ್ಜನ ಬಳಿ ಹೋದೆ. ಅಜ್ಜ ಹರೆಯದಲ್ಲಿ ಮಲ್ಲಾಡಿಹಳ್ಳಿಯ ಶಿಬಿರದಲ್ಲಿ ಕಲಿತವರು. ಹಿರಿಯರಿಗೆ ನೆನಪಿರಬಹುದು, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ, ಅಂದರೆ ‘ತಿರುಕ’, ಹಳ್ಳಿ ಹಳ್ಳಿಗೂ ಯೋಗ ಮತ್ತು ವ್ಯಾಯಾಮ ಮುಟ್ಟಿಸಿದವರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದ ಕೆ.ವಿ. ಅಯ್ಯರ್ ಅವರೇ ‘ಶಾಂತಲಾ’ ಕಾದಂಬರಿಯನ್ನೂ ಬರೆದವರು. ಓದುವವನಿಗೆ ಮೈಕಟ್ಟು ಯಾತಕ್ಕೆ ಎಂದು ಬೇವಿನ ಮರದ ಕೆಳಗೆ ಕುಳಿತಿದ್ದ ನನಗೆ ಇದು ಗೊತ್ತಿರಲಿಲ್ಲ.

ಅಜ್ಜ ಮೊದಲು ಕೇಳಿದ್ದು, “ಡಾಕ್ಟರು ಏನಂದ್ರು?” ಕಫ ಪರೀಕ್ಷೆಯ ಚೀಟಿ ತೋರಿಸಿ, ವೈದ್ಯರ ಒಪ್ಪಿಗೆ ಪಡೆದು ಬಾ ಎಂದು ಹಿಂದಕ್ಕೆ ಕಳಿಸಿದರು. ಒಪ್ಪಿಗೆ ತಂದ ಮೇಲೆ ಗದೆ, ಗುಂಡುಕಲ್ಲು ಯಾವುದನ್ನೂ ಮುಟ್ಟಲು ಬಿಡಲಿಲ್ಲ. ಒಂದು ಕಟ್ಟಿಗೆ ಕುರ್ಚಿ ತಂದು ಇಟ್ಟರು.

“ತಮ್ಮಾ, ಕುಂದ್ರು. ಕೈ ಹಚ್ಚದ ಏಳು.”

ಐದು ಸಲ ಎದ್ದೆ. ಆರನೆಯದಕ್ಕೆ ಆಗಲಿಲ್ಲ. ಪಕ್ಕದಲ್ಲಿ ಹುಡುಗರು ನೂರು ಬೈಠಕ್ ಹೊಡೆಯುತ್ತಿದ್ದರು. ನಾಚಿಕೆಯಾಗಿ ಇನ್ನೊಂದಕ್ಕೆ ತಿಣುಕಿದೆ. ಅಜ್ಜ ಭುಜ ಹಿಡಿದು ಕೂರಿಸಿದರು. “ನಾಳೆ ಮತ್ತ ಬರಾಕ ಆಗೂವಷ್ಟ ಮಾಡು ಇವತ್ತು.”

ಗುಮಾಸ್ತನಾದ್ದರಿಂದ ಮನೆಗೆ ಬಂದು ಹೊಸ ಕಿರ್ದಿ ತೆರೆದೆ. ದಿನಾಂಕ, ಏನು ಮಾಡಿದೆ, ಎಷ್ಟು ಸಲ, ಎಷ್ಟು ಭಾರ, ರಾತ್ರಿ ನಿದ್ದೆ ಹೇಗೆ. ಮೊದಲ ಸಾಲು: ಕುರ್ಚಿ, 5. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಮೂರು ವಾರಕ್ಕೆ ಕುರ್ಚಿ 10 ಸಲ, ಮೂರು ಸುತ್ತು. ಆಮೇಲೆ ಗೋಡೆಗೆ ಕೈ ಕೊಟ್ಟು ದಂಡ, ನಂತರ ಕಟ್ಟೆಗೆ, ಕೊನೆಗೆ ನೆಲಕ್ಕೆ. ಚೀಲದಲ್ಲಿ 5 ಕಿಲೊ ಮರಳು ತುಂಬಿ ನೆಲದಿಂದ ಎತ್ತಿ ಇಳಿಸುವುದು. ಅದನ್ನು ಸುಲಭವಾಗಿ ಹತ್ತು ಸಲ ಎತ್ತುವಂತಾದ ಮೇಲೆಯೇ ಒಂದು ಸೇರಿನಷ್ಟು ಮರಳು ಹೆಚ್ಚು. ಜ್ವರ ಬಂದರೆ, ತೂಕ ಇಳಿದರೆ ಅಂದು ಕೆಲಸ ಬಂದ್.

ಹೀಗೆ ಸ್ವಲ್ಪ ಸ್ವಲ್ಪ ಭಾರ ಏರಿಸುವುದರ ಹಿಂದೆ ವೈದ್ಯಶಾಸ್ತ್ರವಿದೆ ಎಂದು ಹೇಳಿದವಳು ನನ್ನ ಮಗಳು. ಅವಳೀಗ ಫಿಸಿಯೋಥೆರಪಿ ಓದುತ್ತಿದ್ದಾಳೆ. ಅಮೆರಿಕದ ಥಾಮಸ್ ಡಿಲೋರ್ಮ್ ಎಂಬ ವೈದ್ಯರು ಹುಡುಗರಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದಿದ್ದರಂತೆ. ತೂಕ ಎತ್ತಿ ಮೈ ಕಟ್ಟಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿಕಾಗೋದ ಸೇನಾ ಆಸ್ಪತ್ರೆಯಲ್ಲಿ, ಗಾಯಗೊಂಡ ಸೈನಿಕರಿಗೆ ಅದೇ ದಾರಿ ಹಿಡಿಸಿ 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹತ್ತು ಸಲದ ಮೂರು ಸುತ್ತು ಎಂಬ ಪದ್ಧತಿ ರೂಢಿಗೆ ಬಂದದ್ದು ಅವರಿಂದ. 1990ರಲ್ಲಿ, ಅಂದರೆ ನಾನು ಈ ಶಾಲೆ ಬಿಟ್ಟ ವರ್ಷವೇ, ಬೋಸ್ಟನ್ನಿನ ವೈದ್ಯರು ತೊಂಬತ್ತರ ಆಸುಪಾಸಿನ 10 ಜನ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಕಾಲಿನ ಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು. ಸ್ನಾಯುವಿಗೆ ವಯಸ್ಸು ತಿಳಿಯದು, ಕೆಲಸ ಮಾತ್ರ ತಿಳಿಯುತ್ತದೆ ಎಂದು ಇದನ್ನು ಕೇಳಿ ಅಜ್ಜ ನಕ್ಕರು.

ಒಂದು ಮಾತು ಸ್ಪಷ್ಟವಾಗಿರಲಿ. ಕ್ಷಯವನ್ನು ವಾಸಿ ಮಾಡಿದ್ದು ಗುಳಿಗೆ. ಗರಡಿಯಲ್ಲ, ಹರಕೆಯಲ್ಲ. ರೋಗ ತಿಂದುಹೋದ ಮೈಯನ್ನು ಮತ್ತೆ ಕಟ್ಟಿದ್ದು ವ್ಯಾಯಾಮ ಮತ್ತು ಊಟ. ಊಟವೆಂದರೆ ಡಬ್ಬಿಯ ಪುಡಿ ಅಲ್ಲ. ಜೋಳದ ರೊಟ್ಟಿ, ಮಡಿಕೆ ಕಾಳು, ಹೆಸರು ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ದಿನಕ್ಕೆರಡು ಮೊಟ್ಟೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ನಮ್ಮ ಹೊಲದಲ್ಲೇ ಬೆಳೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕಾರ ಮಾತ್ರ ಗುಳಿಗೆಯ ದಿನಗಳಲ್ಲಿ ಹೊಟ್ಟೆಗೆ ಒಗ್ಗಲಿಲ್ಲ. ಅದನ್ನು ಬಿಟ್ಟದ್ದೇ ನನಗೆ ದೊಡ್ಡ ಶಿಕ್ಷೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಗರಡಿಮನೆ ಮುಚ್ಚಿತು. ಮರಳಿನ ಚೀಲ ಮನೆಗೆ ಬಂತು. ಹಿತ್ತಲಲ್ಲಿ ನಾನು ಎತ್ತುವಾಗ ತಂದೆ ಕಟ್ಟೆಯ ಮೇಲೆ ಕುಳಿತು ಹಮಾಲರ ವಿದ್ಯೆ ಹೇಳಿಕೊಟ್ಟರು: “ಬೆನ್ನ ಬಗ್ಗಸಬ್ಯಾಡ, ಚೀಲ ಎದಿಗೆ ಹತ್ತಸ್ಕೋ, ಕಾಲಿಂದ ಏಳು.” ಮಗ ಚೀಲ ಹೊರಬಾರದೆಂದವರೇ ಚೀಲ ಎತ್ತುವುದನ್ನು ಕಲಿಸಿದರು. ಆ ವರ್ಷದ ಕೊನೆಗೆ ನನ್ನ ತೂಕ 59, ಚೀಲದ ತೂಕ 40.

2021ರಲ್ಲಿ ತಂದೆಗೆ ಲಕ್ವ ಹೊಡೆಯಿತು. ಬಲಗಡೆ ಕೈಕಾಲು ಹೋದವು. ಎಂಟು ತಿಂಗಳು ಹಾಸಿಗೆಯಲ್ಲಿದ್ದರು. ದಿನಾ ಮುಂಜಾನೆ ನಾನೇ ಎತ್ತಿ ಬಚ್ಚಲಿಗೆ ಒಯ್ದು ಮೈ ತೊಳೆದು ಕಟ್ಟೆಯ ಮೇಲೆ ಕೂರಿಸುತ್ತಿದ್ದೆ. ಬೆನ್ನು ಬಗ್ಗಿಸದೆ, ಎದೆಗೆ ಹತ್ತಿಸಿಕೊಂಡು, ಕಾಲಿನಿಂದ ಏಳುತ್ತಿದ್ದೆ. ಒಂದು ದಿನವೂ ಓಣಿಯವರನ್ನು ಕೂಗಲಿಲ್ಲ. ಅವರ ಮಾತು ತೊದಲುತ್ತಿತ್ತು. ಎತ್ತಿದಾಗಲೆಲ್ಲ ಎಡಗೈಯಿಂದ ನನ್ನ ಬೆನ್ನು ತಟ್ಟುತ್ತಿದ್ದರು. ಹಮಾಲರು ಒಬ್ಬರಿಗೊಬ್ಬರು ಹಾಗೆ ತಟ್ಟುತ್ತಾರೆ, ‘ಚೀಲ ಸರಿಯಾಗಿ ಕೂತಿದೆ, ನಡೆ’ ಎಂದು.

ಆ ಎಂಟು ತಿಂಗಳು ನನ್ನ ಕಿರ್ದಿಯಲ್ಲಿ ಮರಳಿನ ಚೀಲದ ಲೆಕ್ಕವಿಲ್ಲ. ‘ಅಪ್ಪ’ ಎಂದಷ್ಟೇ ಬರೆದಿದೆ.

ಈಗ ನನಗೆ ಐವತ್ತೊಂದು. ವಾರಕ್ಕೆ ಮೂರು ದಿನ ಗರಡಿಮನೆಗೆ ಹೋಗುತ್ತೇನೆ. ಕಳೆದ ದಸರೆಗೆ ದೇವರಗುಡ್ಡವನ್ನು ನಡುವೆ ಕೂರದೆ ಏರಿದೆ.

ಈ ವೇದಿಕೆಯಿಂದ ನನ್ನ ವಿನಂತಿ ಮೂರು. ಒಂದು, ಎರಡು ವಾರ ದಾಟಿದ ಕೆಮ್ಮು ಯಾರಿಗೇ ಇದ್ದರೂ ನಾಚಿಕೆ ಬಿಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪ್ರಪಂಚದ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ನಮ್ಮ ದೇಶದವರು. ನಾವು ಮುಚ್ಚಿಟ್ಟರೆ ಅದು ಮಕ್ಕಳ ಪಕ್ಕದಲ್ಲಿ ಬೆಳೆಯುತ್ತದೆ. ಎರಡು, ತಾಯಂದಿರೆ, ಭಾರ ಎತ್ತುವುದು ಗಂಡಸರ ಆಟವೆಂದು ಬಿಡಬೇಡಿ. ಎಲ್ಲ ವಯಸ್ಕರೂ, ದೀರ್ಘಕಾಲದ ಕಾಯಿಲೆ ಇರುವವರೂ, ತಮ್ಮಿಂದಾದ ಮಟ್ಟಿಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕಟ್ಟಿಗೆ ಕುರ್ಚಿ ಎಲ್ಲರ ಮನೆಯಲ್ಲೂ ಇದೆ. ವೈದ್ಯರನ್ನು ಕೇಳಿ ಐದರಿಂದ ಶುರು ಮಾಡಿ. ಮೂರು, ಶಿಕ್ಷಕ ಬಂಧುಗಳೆ, ಪರೀಕ್ಷೆ ಹತ್ತಿರ ಬಂತೆಂದು ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ನನ್ನಂಥ ಹುಡುಗ ಇಂದೂ ಬೇವಿನ ಮರದ ಕೆಳಗೆ ಕುಳಿತಿದ್ದರೆ ಕೈ ಹಿಡಿದು ಮೈದಾನಕ್ಕೆ ಕರೆತನ್ನಿ.

ನಮ್ಮ 1990ರ ಬ್ಯಾಚಿನವರು ಕೂಡಿ ಶಾಲೆಯ ಹಳೆಯ ಸಾಮಾನು ಕೋಣೆಯನ್ನು ವ್ಯಾಯಾಮದ ಕೋಣೆ ಮಾಡಿಕೊಡಲು ಒಪ್ಪಿದ್ದೇವೆ. ಅಲ್ಲಿ ಮೊದಲು ಇಡುವ ವಸ್ತು ಒಂದು ಕಟ್ಟಿಗೆ ಕುರ್ಚಿ, ಒಂದು ಮರಳಿನ ಚೀಲ, ಒಂದು ಖಾಲಿ ಕಿರ್ದಿ. ಅದರ ಮೊದಲ ಸಾಲನ್ನು ನಮ್ಮ ಪಿ.ಟಿ. ಗುರುಗಳೇ ಬರೆಯಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.