ಅಕ್ಕಂದಿರಿಗೂ ಒಂದು ಜಾಗ

(ಅದಿಯಮಾನ್‌ಕೋಟೆಯಲ್ಲಿ ಯುವಜನರ ಮುಂದೆ ಆಡಿದ ಮಾತು)



ಮನೇಲಿ ಕನ್ನಡ, ಹೊರಗಡೆ ತಮಿಳು. ನಮ್ಮ ಭಾಷೆಗೂ ಒಂದು ಜಾಗ ಕೊಡಿ ಅಂತ ಕೇಳ್ತಾ ಬಂದವರು ನಾವು. ಹಾಗಿದ್ದಮೇಲೆ ನಮ್ಮ ನಡುವಿನ ತಿರುನಂಗೈ ಅಕ್ಕಂದಿರಿಗೆ ದೇವರ ಮನೇಲಿ ಜಾಗ ಇಲ್ಲ ಅಂದ್ರೆ ಸುಮ್ಮನಿರೋದು ಹೇಗೆ?

ಚರ್ಚಿಗೆ ಹೋಗೋ ನಮ್ಮವರಲ್ಲಿ ಕೆಲವರು "ಬೈಬಲ್ ಒಪ್ಪಲ್ಲ" ಅಂತಾರೆ. ಓದಿ ನೋಡೋಣ. ಧರ್ಮೋಪದೇಶಕಾಂಡ 23 ನಪುಂಸಕರನ್ನು ಸಭೆಯಿಂದ ಹೊರಗಿಡುತ್ತೆ, ನಿಜ. ಆದರೆ ಯೆಶಾಯ 56ರಲ್ಲಿ ದೇವರೇ ಅವರಿಗೆ ತನ್ನ ಆಲಯದೊಳಗೆ ಅಳಿಯದ ಹೆಸರು ಕೊಡ್ತೀನಿ ಅಂತಾನೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪಿಯದ ಕಂಚುಕಿ ಓದುತ್ತಿದ್ದದ್ದೂ ಯೆಶಾಯನನ್ನೇ. ದೀಕ್ಷಾಸ್ನಾನಕ್ಕೆ ಅಡ್ಡಿ ಏನು ಅಂತ ಆತ ಕೇಳಿದ. ಫಿಲಿಪ್ಪ ಅಡ್ಡಿ ಹೇಳದೆ ಜೊತೆಗೇ ನೀರಿಗಿಳಿದ.

ಆ ಕಾಲದ ಕಂಚುಕಿ, ಇವತ್ತಿನ ತಿರುನಂಗೈ ಒಂದೇ ಅಲ್ಲ. ಆದರೆ ದೇಹದ ಕಾರಣಕ್ಕೆ ಬಾಗಿಲಾಚೆ ನಿಲ್ಲಿಸೋದು ಮಾತ್ರ ಅದೇ.

ನಮ್ಮ ತಮಿಳುನಾಡಲ್ಲೇ ತಿರುನಂಗೈ ಭಾರತಿ ಅವರು ಇವಾಂಜೆಲಿಕಲ್ ಚರ್ಚ್ ಆಫ್ ಇಂಡಿಯಾದ ಪಾಸ್ಟರ್ ಆದರು. 2023ರಲ್ಲಿ ವ್ಯಾಟಿಕನ್ ಕೂಡ, ಭಕ್ತರಲ್ಲಿ ಗೊಂದಲ ಆಗದಿದ್ದರೆ ಇವರಿಗೂ ದೀಕ್ಷಾಸ್ನಾನ ಕೊಡಬಹುದು ಅಂದಿತು. 2014ರಲ್ಲಿ ಸುಪ್ರೀಂ ಕೋರ್ಟು ಮೂರನೇ ಲಿಂಗವನ್ನು ಒಪ್ಪಿತು. ಮರುವರ್ಷ ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ನಮ್ಮ ಬ್ಯಾಂಕ್ ಫಾರಂಗಳಲ್ಲೂ ಅವರಿಗೊಂದು ಕಾಲಂ ಬಂತು.

ಫಾರಂನಲ್ಲಿ ಸಿಕ್ಕ ಜಾಗ ಚರ್ಚಿನ ಬೆಂಚಿನಲ್ಲಿ ಸಿಗಬೇಡವೇ? ಈ ಭಾನುವಾರ ಅಂಥ ಅಕ್ಕ ಬಂದರೆ ಸರಿದು ಕೂರೋಣ. ಅವರು ಹೇಳಿದ ಹೆಸರಿನಿಂದಲೇ ಕರೆಯೋಣ.